ಹಾರ್ಮೋನಿಯಂ ಪೆಟ್ಟಿಗೆಯ ಕುಲವಿಚಾರ

ಹಾರ್ಮೋನಿಯಂ ಪರದೇಶದ ವಾದ್ಯ, ಆದಕಾರಣ ಪೌರಾಣಿಕ ನಾಟಕದ ರಂಗಸ್ಥಳಕ್ಕಾಗಲಿ ಭಜನೆಯ ಮಂಟಪಕ್ಕಾಗಲಿ ಅದು ಸಲ್ಲತಕ್ಕದ್ದಲ್ಲ ಎಂಬ ಮಾತು ವಿದ್ಯಾವಂತರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇತ್ತೀಚೆಗೆ ಇದಕ್ಕೆ ವಿರುದ್ಧವೆಂಬಂತೆ ತೋರುವ ಇನ್ನೊಂದು ಮಾತು ಹಳ್ಳಿಯ ತರುಣರಲ್ಲಿ ಹುಟ್ಟಿಕೊಂಡಿದೆ. ಹಾರ್ಮೋನಿಯಂ ಹೊರಗಿನದು, ವಿದ್ಯುತ್ತಿನ ಕೀಬೋರ್ಡೂ ಹೊರಗಿನದು. ಹೊರಗಿನ ಒಂದು ಹೋಗಿ ಹೊರಗಿನ ಮತ್ತೊಂದು ಬಂದರೆ ನಷ್ಟವೇನು ಎಂಬುದೇ ಆ ಮಾತು. ನೋಡುವುದಕ್ಕೆ ಇವು ಎರಡು ಪಕ್ಷಗಳು. ವಿಚಾರಿಸಿದರೆ ಒಂದೇ ತಪ್ಪಿನ ಎರಡು ಕವಲುಗಳು. ಎರಡೂ ವಾದ್ಯದ ಹುಟ್ಟೂರನ್ನು ಕೇಳುತ್ತವೆಯೇ ಹೊರತು ಅದರ ಮುಂದೆ ಕುಳಿತ ಮನುಷ್ಯನನ್ನು ಕೇಳುವುದಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಬಿಳಿಗೆರೆಯಂಥ ಊರುಗಳ ರೈತರಿಗೆ ಕುರುಕ್ಷೇತ್ರದ ಮಟ್ಟುಗಳನ್ನು ಕಲಿಸುವ ಹಾರ್ಮೋನಿಯಂ ಮೇಷ್ಟರ ಅಳಿವು ಉಳಿವು ಈ ವಿಚಾರವನ್ನು ಅವಲಂಬಿಸಿದೆ. ಆದುದರಿಂದ ಇದು ಉಪೇಕ್ಷಿಸತಕ್ಕ ವಿಷಯವಲ್ಲ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆಯೇ ಹೇಳುವುದು ನ್ಯಾಯ. ಹಾರ್ಮೋನಿಯಂ ಎಂಬ ಹೆಸರಿನಿಂದ ಈ ವಾದ್ಯಕ್ಕೆ 1840ರ ದಶಕದಲ್ಲಿ ಹಕ್ಕುಪತ್ರ ಪಡೆದವನು ಪ್ಯಾರಿಸಿನ ಅಲೆಕ್ಸಾಂಡ್ರ್ ಡೆಬೇನ್. ಅದರ ಮನೆಗಳು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಕಟ್ಟಿದವು. ಎರಡು ಮನೆಗಳ ನಡುವಣ ಶ್ರುತಿಗೆ ಅಲ್ಲಿ ಆಸ್ಪದವಿಲ್ಲ. ವೀಣೆಯ ತಂತಿಯನ್ನು ಎಳೆದು ಗಮಕ ಹುಟ್ಟಿಸುವಂತೆ ಹಾರ್ಮೋನಿಯಂನ ಸ್ವರವನ್ನು ಎಳೆಯಲಾಗದು. ಈ ದೋಷಗಳನ್ನು ಎಣಿಸಿಯೇ ರವೀಂದ್ರನಾಥ ಠಾಕೂರರಂಥ ಮಹನೀಯರು ಅದನ್ನು ವಿರೋಧಿಸಿದರು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಆ ನಿಷೇಧವು ಸಡಿಲವಾಗುವುದಕ್ಕೆ 1971ರವರೆಗೆ ಕಾಯಬೇಕಾಯಿತು. ಇಷ್ಟು ದೊಡ್ಡವರು ಆಡಿದ ಮಾತಿನಲ್ಲಿ ತಿರುಳಿಲ್ಲವೆಂದು ಯಾರೂ ಹೇಳಲಾರರು.

ಆದರೆ ಈ ಪಕ್ಷದಲ್ಲಿ ಎರಡು ವಾದಗಳು ಹೆಣೆದುಕೊಂಡಿವೆ. ಪರದೇಶದ್ದೆಂಬುದು ಒಂದು, ಗಮಕಕ್ಕೆ ಒಗ್ಗದೆಂಬುದು ಮತ್ತೊಂದು. ಎರಡನೆಯದು ಗುಣದೋಷವಿಚಾರ, ಮೊದಲನೆಯದು ಬರಿಯ ಕುಲವಿಚಾರ. ಇವನ್ನು ಬೇರ್ಪಡಿಸದೆ ತೀರ್ಮಾನ ಹೇಳುವುದು ಶಾಸ್ತ್ರಜ್ಞರ ಲಕ್ಷಣವಲ್ಲ.

ಕುಲವಿಚಾರವನ್ನೇ ಮೊದಲು ತೆಗೆದುಕೊಳ್ಳಬಹುದು. ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದೆ. ತಂತಿಯಿಂದಲೋ, ಬಿಗಿದ ಚರ್ಮದಿಂದಲೋ, ಲೋಹದ ತಾಡನದಿಂದಲೋ, ಗಾಳಿಯಿಂದಲೋ ನಾದ ಹುಟ್ಟುವ ಬಗೆಯೇ ಅಲ್ಲಿ ಪ್ರಮಾಣ. ಸ್ವದೇಶದ ವಾದ್ಯ, ವಿದೇಶದ ವಾದ್ಯ ಎಂಬ ಐದನೆಯ ಆರನೆಯ ವರ್ಗಗಳನ್ನು ಮುನಿಯು ಮಾಡಲಿಲ್ಲ. ತಿದಿಯ ಗಾಳಿಗೆ ಹಿತ್ತಾಳೆಯ ಸಣ್ಣ ನಾಲಗೆಗಳು ಕಂಪಿಸಿ ನುಡಿಯುವ ಹಾರ್ಮೋನಿಯಂ ಸುಷಿರವರ್ಗಕ್ಕೆ ಸೇರುತ್ತದೆ. ಅಲ್ಲಿಗೆ ಶಾಸ್ತ್ರದ ಪ್ರಶ್ನೆ ಮುಗಿಯಿತು. ಹುಟ್ಟನ್ನೇ ಹಿಡಿದು ಹೊರಟರೂ ವಾದ ನಿಲ್ಲುವುದಿಲ್ಲ. ಒಂದು ತುದಿಯಲ್ಲಿ ಮಾತ್ರ ಕಟ್ಟಿದ್ದು ಇನ್ನೊಂದು ತುದಿಯಲ್ಲಿ ಬಿಡುವಾಗಿ ಆಡುವ ಈ ನಾಲಗೆ ಯೂರೋಪಿನವರ ಸ್ವಂತ ಕಲ್ಪನೆಯೇನೂ ಅಲ್ಲ. ಚೀನಾದೇಶದ ಷೆಂಗ್ ಎಂಬ ವಾದ್ಯದಲ್ಲಿ ಅದು ಅತಿಪ್ರಾಚೀನ ಕಾಲದಿಂದ ಇದ್ದಿತು. ಹದಿನೆಂಟನೆಯ ಶತಮಾನದಲ್ಲಿ ಆ ವಾದ್ಯ ಯೂರೋಪಿಗೆ ಹೋದ ಮೇಲೆ ಅಲ್ಲಿಯವರ ಪ್ರಯೋಗಗಳಿಗೆ ಚಾಲನೆ ದೊರೆಯಿತು. ಪೂರ್ವದಿಂದ ಹೋದ ನಾಲಗೆ ಪಶ್ಚಿಮದ ಪೆಟ್ಟಿಗೆಯೊಳಗೆ ಕುಳಿತು ಹಿಂದಿರುಗಿದರೆ ಅದನ್ನು ಮ್ಲೇಚ್ಛವೆಂದು ಕರೆಯುವುದು ಹೇಗೆ?

ಇನ್ನು ಪಿಟೀಲಿನ ನಿದರ್ಶನ. ಹತ್ತೊಂಬತ್ತನೆಯ ಶತಮಾನದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಯೂರೋಪಿನ ಆ ವಾದ್ಯವನ್ನು ಕರ್ಣಾಟಕ ಸಂಗೀತಕ್ಕೆ ತಂದರು. ಇಂದು ಪಿಟೀಲಿಲ್ಲದ ಕಛೇರಿಯೇ ಅಪರೂಪ. ಈ ಸೀಮೆಯವರಿಗಂತೂ ಸಾಕ್ಷಿಗಾಗಿ ದೂರ ಹೋಗಬೇಕಾದುದಿಲ್ಲ. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟುವಂತೆ ಮಾಡಿದರು. 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದು ಸಂದಿತು. ಆ ಬಿರುದನ್ನು ಕೊಟ್ಟವರು ವಾದ್ಯದ ಗೋತ್ರವನ್ನು ಕೇಳಲಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಅದರ ಮೈಯನ್ನೇ ತಿದ್ದಿ ಅದರಿಂದ ಗಮಕವನ್ನು ಹೊರಡಿಸಿದರು. 1994ರಲ್ಲಿ ಲಂಡನ್ನಿನವರಿಗೇ ಅದನ್ನು ಕೇಳಿಸಿಬಂದರು. ಹಾಗಾದರೆ ಪಿಟೀಲಿಗೂ ಸ್ಯಾಕ್ಸೊಫೋನಿಗೂ ದೊರೆತ ಕ್ಷಮೆ ಹಾರ್ಮೋನಿಯಮ್ಮಿಗೆ ಮಾತ್ರ ಏಕಿಲ್ಲ? ಅವುಗಳಿಗೆ ಪಂಡಿತರ ಪೋಷಣೆ ಇದ್ದಿತು. ಇದಕ್ಕೆ ಪಾಮರರ ಪೋಷಣೆ ಮಾತ್ರ ಇದ್ದಿತು. ಕುಲವಿಚಾರದ ಮರ್ಮ ಬಹುಶಃ ಇಲ್ಲಿಯೇ ಇದೆ.

ಸಾರಿಗೆ ಹಾಕುವ ಮೆಣಸಿನಕಾಯಿ ಅಮೆರಿಕದ್ದು. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದರ ಕುಲವನ್ನು ಅಡಿಗೆಮನೆಯಲ್ಲಿ ಯಾರೂ ಕೇಳುವುದಿಲ್ಲ. ಆ ಅಮೆರಿಕಾ ಖಂಡಗಳಿಗೆ ಯೂರೋಪಿನಿಂದ ಹೋದ ಒಂದು ಪೆಟ್ಟಿಗೆಯ ವೃತ್ತಾಂತವನ್ನು ತಿಳಿದರೆ ಪ್ರಕೃತವಿಷಯ ಇನ್ನೂ ಸ್ಪಷ್ಟವಾದೀತು. ಹಾರ್ಮೋನಿಯಮ್ಮಿನ ದಾಯಾದಿಯಾದ ಅಕಾರ್ಡಿಯನ್ನೇ ಆ ಪೆಟ್ಟಿಗೆ. 1829ರಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಆ ಹೆಸರಿನಿಂದ ಅದಕ್ಕೆ ಹಕ್ಕುಪತ್ರ ಪಡೆದನು. ಎರಡು ಕೈಗಳ ನಡುವೆ ತಿದಿ. ಬಲಗಡೆ ರಾಗದ ಗುಂಡಿಗಳು. ಎಡಗಡೆ ಮಂದ್ರಸ್ವರಗಳ ಗುಂಡಿಗಳು. ಗುಂಡಿ ಅಕಾರ್ಡಿಯನ್ನಿನ ಸಾಮಾನ್ಯ ಬಗೆಗಳಲ್ಲಿ ಒಂದೇ ಗುಂಡಿಯು ತಿದಿಯನ್ನು ಒತ್ತಿದಾಗ ಒಂದು ಸ್ವರವನ್ನೂ ಎಳೆದಾಗ ಬೇರೊಂದು ಸ್ವರವನ್ನೂ ನುಡಿಯುತ್ತದೆ. ಒಂದು ಸಾಲಿನ ಸಣ್ಣ ಪೆಟ್ಟಿಗೆಯಲ್ಲಂತೂ ಹನ್ನೆರಡು ಸ್ವರಸ್ಥಾನಗಳೂ ಸಿಕ್ಕುವುದಿಲ್ಲ. ಗುಣದೋಷವನ್ನೇ ಎಣಿಸಿದರೆ ಇದು ಹಾರ್ಮೋನಿಯಮ್ಮಿಗಿಂತಲೂ ಬಡವಾದ ವಾದ್ಯ. ಆದರೆ ಬೆಲೆ ಅಗ್ಗ, ಧ್ವನಿ ದೊಡ್ಡದು, ಹೆಗಲಿಗೆ ಹಗುರ. ಆದಕಾರಣ ವಲಸೆಗಾರರ, ವರ್ತಕರ ಸಂಗಡ ಅದು ಸಾಗರವನ್ನು ದಾಟಿತು.

ಅಲ್ಲಿ ನಡೆದುದೇ ವಿಚಾರಾರ್ಹವಾದ ಸಂಗತಿ. ಕೊಲಂಬಿಯಾದೇಶದ ಕೆರಿಬಿಯನ್ ಕಡಲಿನ ಕಡೆಯ ಜನರು ಈ ಜರ್ಮನ್ ಪೆಟ್ಟಿಗೆಯನ್ನು ಆಫ್ರಿಕಾಮೂಲದ ಕಾಹಾ ಎಂಬ ಚರ್ಮವಾದ್ಯದೊಡನೆಯೂ, ಮೂಲನಿವಾಸಿಗಳ ಗ್ವಾಚರಾಕಾ ಎಂಬ ಕೆರೆಯುವ ಕೋಲಿನೊಡನೆಯೂ ಕೂಡಿಸಿ ವಯೆನಾಟೊ ಎಂಬ ಹಾಡುಗಬ್ಬವನ್ನು ಕಟ್ಟಿದರು. ವಯೆದುಪಾರ್ ಎಂಬ ಊರಿನಲ್ಲಿ 1968ರಿಂದ ಅದಕ್ಕೆ ಉತ್ಸವವೂ ಸ್ಪರ್ಧೆಯೂ ನಡೆಯುತ್ತಿವೆ. ಪಾಸೆಯೊ, ಸೋನ್, ಮೆರೆಂಗೆ, ಪುಯಾ ಎಂಬ ನಾಲ್ಕು ಗತಿಗಳಲ್ಲಿಯೂ ಸ್ಪರ್ಧಾಳು ನುಡಿಸಿ ತೋರಿಸಬೇಕು. ಡೊಮಿನಿಕನ್ ಗಣರಾಜ್ಯದಲ್ಲಿ ಇದೇ ಪೆಟ್ಟಿಗೆ ತಂತಿವಾದ್ಯಗಳನ್ನು ಹಿಂದಕ್ಕೆ ತಳ್ಳಿ ಮುಂದೆ ಬಂದಿತು. ಅಲ್ಲಿಯ ಶಿಷ್ಟರೂ ಇಲ್ಲಿಯ ಶಿಷ್ಟರಂತೆಯೇ ಪರದೇಶದ್ದೆಂದು ಗೊಣಗಿದರು. ಗೊಣಗಾಟ ಅಡಗಿತು, ಹಾಡು ನಿಂತಿತು. ಲೂಸಿಯಾನಾದ ಫ್ರೆಂಚ್ ಭಾಷೆಯ ರೈತರೂ ಕರಿಯ ಜನರೂ ಹತ್ತು ಗುಂಡಿಗಳ ಪೆಟ್ಟಿಗೆಯಲ್ಲಿ ತಮ್ಮ ಹಾಡುಗಳನ್ನು ನುಡಿಸಿಕೊಂಡರು. ಎರಡನೆಯ ಮಹಾಯುದ್ಧದ ದೆಸೆಯಿಂದ ಜರ್ಮನಿಯ ಸರಕು ನಿಂತುಹೋದ ಬಳಿಕ, ಅಲ್ಲಿಯ ಕುಶಲಕರ್ಮಿಗಳು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ಹೊಸದನ್ನು ತಾವೇ ಮಾಡತೊಡಗಿದರು.

ಇವೆಲ್ಲಕ್ಕಿಂತಲೂ ಬೋಧಪ್ರದವಾದುದು ಟೆಕ್ಸಾಸಿನ ಮೆಕ್ಸಿಕನ್ ಜನರ ದೃಷ್ಟಾಂತ. 1936ರಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಮೊದಲು ನುಡಿಸಿದ ನಾರ್ಸಿಸೊ ಮಾರ್ಟಿನೆಜ್ ಎಂಬುವನು ತನ್ನ ಪೆಟ್ಟಿಗೆಯ ಎಡಗಡೆಯ ಗುಂಡಿಗಳನ್ನು ಹೆಚ್ಚುಕಡಮೆ ಕೈಬಿಟ್ಟನು. ಮಂದ್ರದ ಕೆಲಸವನ್ನು ಜೊತೆಗಾರನ ಹನ್ನೆರಡು ತಂತಿಯ ಬಾಹೊ ಸೆಕ್ಸ್ಟೊ ಎಂಬ ವಾದ್ಯಕ್ಕೆ ಒಪ್ಪಿಸಿ, ತಾನು ಬಲಗೈಯ ರಾಗದಲ್ಲಿಯೇ ನಿಂತನು. ಜರ್ಮನರು ಕೊಟ್ಟ ವಾದ್ಯದ ಅರ್ಧವನ್ನು ತ್ಯಜಿಸಿದುದರಿಂದಲೇ ಅದು ಅವನ ಜನರ ವಾದ್ಯವಾಯಿತು. ಸ್ವೀಕಾರವೆಂದರೆ ಇದು: ಬಂದುದನ್ನು ಬಂದಂತೆ ಹೊರುವುದಲ್ಲ, ಬೇಕಾದುದನ್ನು ಉಳಿಸಿ ಬೇಡವಾದುದನ್ನು ಬಿಡುವುದು.

ಇದೇ ಕಾರ್ಯವನ್ನು ಭರತಖಂಡದವರು ಹಾರ್ಮೋನಿಯಮ್ಮಿನಲ್ಲಿ ಅದಕ್ಕೂ ಮೊದಲೇ ಮಾಡಿದ್ದರು. ಡೆಬೇನನ ವಾದ್ಯವು ಕಾಲಿನಿಂದ ತಿದಿಯೊತ್ತಿ, ಎರಡು ಕೈಗಳಿಂದಲೂ ಬಹುಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಹುಟ್ಟಿದ್ದು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯನ್ನಾಗಿ ಮಾರ್ಪಡಿಸಿದರು. ಎಡಗೈ ತಿದಿಗೆ ಹೋಯಿತು. ಅದರೊಡನೆ ಯೂರೋಪಿನ ಸ್ವರಮೇಳವೂ ಹೋಯಿತು. ಬಲಗೈಯಲ್ಲಿ ಒಂಟಿ ರಾಗವು ಉಳಿಯಿತು. ಆಧಾರಷಡ್ಜವನ್ನು ಬಿಡದೆ ನುಡಿಯುವ ಶ್ರುತಿಯ ಗುಂಡಿಗಳೂ ಬಂದು ಸೇರಿದವು. ಪಾಶ್ಚಾತ್ಯ ಸಂಗೀತದ ಪ್ರಾಣವೆನಿಸಿದುದನ್ನು ಕಳಚಿ, ಭಾರತೀಯ ಸಂಗೀತದ ಪ್ರಾಣವೆನಿಸಿದ ಶ್ರುತಿಯನ್ನು ತುಂಬಿದ ಮೇಲೆಯೂ ಈ ಪೆಟ್ಟಿಗೆಯನ್ನು ಪರದೇಶದ್ದೆನ್ನುವುದು ಉಪನಯನವಾದ ವಟುವನ್ನು ಇನ್ನೂ ತೊಟ್ಟಿಲಲ್ಲಿ ಹುಡುಕಿದಂತೆ.

ಉಳಿದುದು ಗುಣದೋಷವಿಚಾರ. ಹಾರ್ಮೋನಿಯಂನಲ್ಲಿ ವೀಣೆಯ ಗಮಕ ಬಾರದೆಂಬುದನ್ನು ಒಪ್ಪಲೇಬೇಕು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ವಾದಕರು ಬೆರಳಿನ ಚಮತ್ಕಾರದಿಂದ ಆ ಕೊರತೆಯನ್ನು ಬಹುಮಟ್ಟಿಗೆ ಮರೆಸಿದರು. ಆದರೂ ಮರೆಸುವುದು ಬೇರೆ, ಇಲ್ಲವಾಗಿಸುವುದು ಬೇರೆ. ಆದರೆ ಶಾಸ್ತ್ರದಲ್ಲಿ ಅಧಿಕಾರಿಭೇದವೆಂಬುದೊಂದುಂಟು. ತೋಡಿಯ ಆಲಾಪನೆಗೆ ಅಧಿಕಾರವಿಲ್ಲದ ವಾದ್ಯಕ್ಕೆ ರಂಗಗೀತೆಗೂ ಅಧಿಕಾರವಿಲ್ಲವೆಂದು ಹೇಳುವುದು, ವೇದಾಧ್ಯಯನ ಮಾಡದವನು ಹೊಲವನ್ನೂ ಉಳಬಾರದೆಂದು ಹೇಳಿದಂತೆ. ರಂಗದ ಮೇಲೆ ಗಮಕವನ್ನು ಹಾಡುವವನ ಕಂಠ ನೋಡಿಕೊಳ್ಳುತ್ತದೆ. ಅವನಿಗೆ ಆಧಾರವಾಗಿ, ಬಯಲಿನ ಸಭೆಗೆಲ್ಲ ಕೇಳುವಂತೆ, ಸ್ವರವನ್ನು ಹಿಡಿದು ನಿಲ್ಲಿಸುವುದಷ್ಟೇ ಪೆಟ್ಟಿಗೆಯ ಕೆಲಸ. 1884ರಲ್ಲಿ ಪ್ರಾರಂಭವಾದ ಗುಬ್ಬಿಯ ಕಂಪೆನಿಯೇ ಮೊದಲಾದ ನಾಟಕ ಮಂಡಲಿಗಳು ಊರೂರು ತಿರುಗಿದ ಕಾಲದಲ್ಲಿ ಆ ಕೆಲಸವನ್ನು ಅದು ಎಷ್ಟು ಚೆನ್ನಾಗಿ ಮಾಡಿತೆಂಬುದಕ್ಕೆ, ಕಂಪೆನಿಗಳು ಕರಗಿದ ಮೇಲೆಯೂ ಅವುಗಳ ಮಟ್ಟುಗಳು ಹಳ್ಳಿಗಳಲ್ಲಿ ಉಳಿದಿರುವುದೇ ಸಾಕ್ಷಿ. ರೇಡಿಯೋ ಹೊರಗಿಟ್ಟ ಮೂರು ದಶಕಗಳಲ್ಲಿಯೂ ಹಳ್ಳಿಯ ರಂಗದ ಪೆಟ್ಟಿಗೆ ಮೌನ ತಾಳಲಿಲ್ಲ.

ಹಾರ್ಮೋನಿಯಂ ಮೇಷ್ಟರ ಕೆಲಸವೇನೆಂಬುದನ್ನು ಬಲ್ಲವರು ಕೀಬೋರ್ಡಿನ ಪಕ್ಷವನ್ನು ಹಿಡಿಯಲಾರರು. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಕುಳಿತು, ಅಕ್ಷರವನ್ನು ಸರಿಯಾಗಿ ಕಲಿಯದವನಿಂದಲೂ ದುರ್ಯೋಧನನ ಕಂದಪದ್ಯವನ್ನು ತಪ್ಪಿಲ್ಲದೆ ಹೇಳಿಸುವವರು ಅವರು. ಕೃಷ್ಣನ ಪಾತ್ರಧಾರಿಗೆ ಯಾವ ಮನೆಯ ಶ್ರುತಿ, ಭೀಮನಿಗೆ ಯಾವುದು ಎಂಬುದು ಅವರ ಬೆರಳುಗಳಿಗೆ ಗೊತ್ತು. ನಾಟಕದ ದಿನ ಕಾಲು ಹಾರ್ಮೋನಿಯಂನ ಮುಂದೆ ಕುಳಿತರೆ ಬೆಳಗಿನ ಜಾವದವರೆಗೆ ಏಳುವಂತಿಲ್ಲ. ಪಾತ್ರಧಾರಿಯು ಸಾಲನ್ನು ಮರೆತರೆ ಅದೇ ಮಟ್ಟನ್ನು ಮತ್ತೊಮ್ಮೆ ನುಡಿಸಿ ನೆನಪಿಗೆ ಅವಕಾಶ ಕೊಡುತ್ತಾರೆ; ಅವನ ಸ್ವರ ಕುಸಿದರೆ ಪಂಚಮವನ್ನು ಒತ್ತಿ ಎತ್ತುತ್ತಾರೆ; ಅವನು ಉತ್ಸಾಹದಿಂದ ಲಯ ಮೀರಿದರೆ ಹಿಂದೆಯೇ ಓಡುತ್ತಾರೆ. ಮೊದಲೇ ತುಂಬಿಟ್ಟ ತಾಳವನ್ನು ಹೊಡೆಯುವ ಯಂತ್ರವು ಯಾರಿಗಾಗಿಯೂ ಕಾಯುವುದಿಲ್ಲ. ಅದರ ಮುಂದೆ ಮನುಷ್ಯನೇ ಯಂತ್ರವನ್ನು ಅನುಸರಿಸಬೇಕು, ಮರೆತವನು ನಗೆಗೀಡಾಗಬೇಕು. ದೂರವಾಣಿಯಲ್ಲಿ ಮುದ್ರಿಸಿಟ್ಟ ಹಾಡಿಗೆ ಬಾಯಿ ಆಡಿಸುವ ಪದ್ಧತಿ ಇದರ ಮುಂದಿನ ಮೆಟ್ಟಿಲು.

ಕೀಬೋರ್ಡೂ ಪರದೇಶದ್ದೆಂಬ ಕಾರಣದಿಂದ ಅದನ್ನು ದೂಷಿಸುವುದಾದರೆ ಮೇಲೆ ಹೇಳಿದುದೆಲ್ಲವೂ ವ್ಯರ್ಥವಾಗುತ್ತದೆ. ಅದರ ಮುಂದೆಯೂ ಮಟ್ಟು ಬಲ್ಲ ಮೇಷ್ಟರು ಕುಳಿತು, ತುಂಬಿಟ್ಟ ತಾಳವನ್ನು ಮುಚ್ಚಿ, ಮಾರ್ಟಿನೆಜನು ಮಾಡಿದಂತೆ ಬೇಡವಾದ ಅರ್ಧವನ್ನು ಬಿಟ್ಟು ನುಡಿಸಿದರೆ, ಒಂದು ಕಾಲಕ್ಕೆ ಅದಕ್ಕೂ ಉಪನಯನವಾದೀತು. ಆದರೆ ಕಲಿಸುವ ಮನುಷ್ಯನನ್ನು ಕಳೆದುಕೊಂಡು ಪೆಟ್ಟಿಗೆಯನ್ನು ಮಾತ್ರ ಬದಲಾಯಿಸುವುದು ಸ್ವೀಕಾರವಲ್ಲ, ಶರಣಾಗತಿ. ಪಂಡಿತರು ಪರದೇಶದ್ದೆಂದು ಹಾರ್ಮೋನಿಯಮ್ಮನ್ನು ರಂಗದಿಂದ ಇಳಿಸಿದರೆ, ಬರಿದಾದ ಆ ಸ್ಥಳಕ್ಕೆ ವೀಣೆ ಬರುವುದಿಲ್ಲ. ಬರುವುದು ಬಾಡಿಗೆಯ ಯಂತ್ರ. ಇದನ್ನು ತಿಳಿದಾದರೂ ಅವರು ತಮ್ಮ ವಾದವನ್ನು ಹಿಂತೆಗೆದುಕೊಳ್ಳುವುದು ಯುಕ್ತ.

ಮಾಡತಕ್ಕುದೇನೂ ಅಸಾಧ್ಯವಾದುದಲ್ಲ. ನಾಟಕ ಕಲಿಯುವ ಊರಿನವರು ಸೀನರಿಗೂ ದೀಪಕ್ಕೂ ಧ್ವನಿವರ್ಧಕಕ್ಕೂ ಧಾರಾಳವಾಗಿ ಹಣ ತೆತ್ತು ಮೇಷ್ಟರ ಸಂಭಾವನೆಯಲ್ಲಿ ಚೌಕಾಸಿ ಮಾಡುವುದನ್ನು ಬಿಡಬೇಕು. ಪ್ರತಿಯೊಬ್ಬ ಮೇಷ್ಟರ ಬಳಿಯಲ್ಲಿಯೂ ಊರಿನ ಒಬ್ಬಿಬ್ಬರು ಹುಡುಗರಾಗಲಿ ಹುಡುಗಿಯರಾಗಲಿ ಪೆಟ್ಟಿಗೆ ಕಲಿಯಬೇಕು. ಮಟ್ಟುಗಳನ್ನು ಸ್ವರ, ತಾಳ, ಮನೆಗಳ ಸಹಿತ ಬರೆದಿಡುವ ಕಾರ್ಯವನ್ನು ಜಿಲ್ಲೆಯ ಸಾಹಿತ್ಯಸಂಘಗಳು ಕೈಕೊಳ್ಳಬೇಕು. ಜಾತ್ರೆಗಳ ನಾಟಕ ಮತ್ತು ಭಜನೆಯ ಸ್ಪರ್ಧೆಗಳಲ್ಲಿ ಮುದ್ರಿತ ಹಿಮ್ಮೇಳಕ್ಕೆ ಅವಕಾಶ ಕೊಡದೆ, ವಯೆದುಪಾರಿನವರಂತೆ, ಕೈಯಿಂದ ನುಡಿಸುವವರಿಗೇ ಪ್ರತ್ಯೇಕ ಬಹುಮಾನವನ್ನು ಇಡಬೇಕು. ಚೌಡಯ್ಯನವರನ್ನು ಹೆತ್ತ ಸೀಮೆಗೆ, ಹೊರಗಿನಿಂದ ಬಂದ ವಾದ್ಯವನ್ನು ಮನೆಯದನ್ನಾಗಿ ಮಾಡಿಕೊಳ್ಳುವ ವಿದ್ಯೆಯನ್ನು ಬೇರೆಯವರು ಹೇಳಿಕೊಡಬೇಕಾದುದಿಲ್ಲ. ಕಲಿಸುವ ಮೇಷ್ಟರು ಇರುವಾಗಲೇ ಕಲಿತುಕೊಳ್ಳುವುದೊಂದೇ ಬಾಕಿ.