ಒಂದೇ ತಂತಿಯನ್ನು ನಂಬಿದ ತಪ್ಪು

ಕಳೆದ ನವೆಂಬರಿನ ಒಂದು ಸೋಮವಾರ ಹೊಸೂರಿನ ನಮ್ಮ ಸಹಾಯ ಕೇಂದ್ರದ ಮುಂದೆ ನಿವೃತ್ತ ಕಾರ್ಮಿಕರು ಸಾಲಾಗಿ ಕುಳಿತಿದ್ದರು. ಬಾಗಲೂರು, ತಳಿ, ಶೂಲಗಿರಿ ಕಡೆಯಿಂದ ಬಸ್ಸು ಹಿಡಿದು ಬಂದವರು. ಭವಿಷ್ಯ ನಿಧಿಯ ಪಿಂಚಣಿ ನಿಲ್ಲದಿರಬೇಕಾದರೆ ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಪ್ರಮಾಣ ಪತ್ರ ಕೊಡಬೇಕು. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಬೆರಳೊತ್ತಿದರೆ ಸಾಕು. ಆದರೆ ಇಂಟರ್ನೆಟ್ ಇರಬೇಕು. ಅಂದು ರಸ್ತೆ ಅಗೆಯುವ ಯಂತ್ರ ಕೇಬಲನ್ನು ತುಂಡರಿಸಿತ್ತು. ಸಂಜೆಯವರೆಗೆ ಕಾದು ಎಲ್ಲರೂ ಹಾಗೆಯೇ ಹಿಂದಿರುಗಿದರು. ಅದೇ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅದನ್ನು ನಂಬಿದವರಿಗೆ ಮತ್ತೊಂದು ಬಸ್ ಚಾರ್ಜು ಸಣ್ಣ ಮಾತೇ? ತಪ್ಪು ಯಂತ್ರದ್ದಷ್ಟೇ ಅಲ್ಲ, ಒಂದೇ ತಂತಿಯನ್ನು ನಂಬಿ ಕುಳಿತ ನಮ್ಮದೂ ಹೌದು.

ಈಗ ಎರಡನೆಯ ಸಂಪರ್ಕ ಮಾಡಿಕೊಂಡಿದ್ದೇವೆ. ಇಂಥ ಕೇಂದ್ರ ನಡೆಸುವ ಬಂಧುಗಳಿಗೆ ನಾವು ಕಲಿತದ್ದನ್ನು ತಿಳಿಸುವುದು ಕರ್ತವ್ಯ.

ಮೊದಲನೆಯದಾಗಿ, ಎರಡನೆಯ ಸಂಪರ್ಕ ಬೇರೆ ದಾರಿಯಲ್ಲಿ ಬರಬೇಕು. ಬೇರೆ ಕಂಪನಿಯ ಕೇಬಲೇ ಆದರೂ ಅದೇ ಕಂಬದ ಮೇಲೆ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ನಾವು ಸಿಮ್ ಹಾಕಿದ 4ಜಿ ಡಾಂಗಲನ್ನು ರೌಟರಿನ ಯುಎಸ್‌ಬಿ ಕಿಂಡಿಗೆ ಜೋಡಿಸಿದೆವು. ಎಲ್ಲ ರೌಟರುಗಳಿಗೂ ಈ ಅನುಕೂಲವಿಲ್ಲ. ಕೊಳ್ಳುವ ಮುನ್ನ ವಿಚಾರಿಸಿರಿ.

ಎರಡನೆಯದಾಗಿ, ರೌಟರನ್ನು ಕಾವಲಿಗೆ ನಿಲ್ಲಿಸಬೇಕು. ಕೇಬಲು ದೂರದ ರಸ್ತೆಯಲ್ಲಿ ತುಂಡಾದರೂ ಗೋಡೆಯ ಪೆಟ್ಟಿಗೆಯಿಂದ ರೌಟರಿಗೆ ಬರುವ ತಂತಿ ನೆಟ್ಟಗೇ ಇರುತ್ತದೆ. ಅಷ್ಟನ್ನೇ ನೋಡುವ ರೌಟರು ಎಲ್ಲ ಸರಿಯೆಂದು ತಿಳಿಯುತ್ತದೆ. ಆದ್ದರಿಂದ 8.8.8.8ರಂಥ ಹೊರಗಿನ ವಿಳಾಸಕ್ಕೆ ಆಗಾಗ ‘ಪಿಂಗ್’ ಕಳಿಸಿ ನೋಡುವಂತೆ ಅದರಲ್ಲಿ ಬರೆದಿಡಬೇಕು. ಕೆಲವು ಸಲ ಉತ್ತರ ಬಾರದಿದ್ದರೆ ಅದು ತಾನಾಗಿ 4ಜಿಗೆ ಹೊರಳುತ್ತದೆ, ಕೇಬಲು ಸರಿಯಾದಾಗ ಮರಳುತ್ತದೆ. ಇದೇ ‘ಫೇಲ್‌ಓವರ್’. ಎರಡನ್ನೂ ಒಟ್ಟಿಗೆ ದುಡಿಸುವ ‘ಲೋಡ್ ಬ್ಯಾಲೆನ್ಸ್’ ಇಲ್ಲಿ ಬೇಡ. ನಡುವೆ ದಾರಿ ಬದಲಾದರೆ ಕೆಲವು ಬ್ಯಾಂಕಿನ ಪುಟಗಳು ನಮ್ಮನ್ನು ಹೊರಹಾಕುತ್ತವೆ. ಕರೆಂಟು ಹೋದಾಗಲೂ ನಡೆಯಲು ಪೆಟ್ಟಿಗೆ, ರೌಟರು ಎರಡಕ್ಕೂ ಬ್ಯಾಟರಿ ಬೇಕು.

ಮೂರನೆಯದೇ ಮುಖ್ಯ: ಪರೀಕ್ಷೆ. ತಿಂಗಳ ಮೊದಲ ಶನಿವಾರ ಹೊರಗಿನ ಕೇಬಲನ್ನು ನಾವೇ ಜೋಪಾನವಾಗಿ ಬಿಚ್ಚಿ ನೋಡುತ್ತೇವೆ. ಮೊದಲ ಸಲ ಬಿಚ್ಚಿದಾಗ 4ಜಿಯೂ ಬರಲಿಲ್ಲ. ಸಿಮ್ಮಿನ ರೀಚಾರ್ಜು ಮುಗಿದಿತ್ತು! ಅಂದಿನಿಂದ ಅದರ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿದೆ.

ಆ ಸೋಮವಾರ ಹಿಂದಿರುಗಿದವರಲ್ಲಿ ಕೆಲವರು ಮತ್ತೆ ಬಂದಿಲ್ಲ. ಅವರ ಮನೆ ಹುಡುಕಿಕೊಂಡು ಹೋಗುವುದೇ ಈ ತಿಂಗಳ ನಮ್ಮ ಕೆಲಸ. ಜೊತೆಗೆ ಬರುವವರು ಭಾನುವಾರ ಹೆಸರು ಕೊಡಿರಿ.