ಸೀಟು ಹಿಡಿಯುವ ಮೊದಲು ಲೆಕ್ಕ ಹಿಡಿಯೋಣ

ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಮೊಹಲ್ಲಾಗಳಲ್ಲಿ ಎರಡು ತರದ ಮನೆ ಕಾಣುತ್ತದೆ. ಒಂದರಲ್ಲಿ ಲಡ್ಡು ಹಂಚುತ್ತಾರೆ, ಇನ್ನೊಂದರಲ್ಲಿ ಬಾಗಿಲು ಅರ್ಧ ಮುಚ್ಚಿರುತ್ತದೆ. ಹದಿನೈದು ದಿನ ಕಳೆದ ಮೇಲೆ ಎರಡೂ ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಉಸ್ತಾದರೇ, ಇನ್ನು ಎಂತ ಮಾಡಿಸುವುದು?"

ಈ ಪ್ರಶ್ನೆ ಕೇಳುವ ಹೊತ್ತಿಗೆ ಹೆಚ್ಚಿನವರು ಅಡ್ವಾನ್ಸ್ ಕೊಟ್ಟು ಆಗಿರುತ್ತದೆ. ನಮಗೆ ಬೇಸರ ಆಗುವುದು ಅಲ್ಲಿ.

ನಮಗೆ ಗೊತ್ತಿರುವ ಒಂದು ಮನೆಯ ವಿಷಯ ಹೇಳುತ್ತೇವೆ. ಉಪ್ಪ ಸೌದಿಯಲ್ಲಿ ಅಂಗಡಿ ಕೆಲಸ. ಮಗನಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಮಾಡಿಸಿದರು. ಫೀಸು ವರ್ಷಕ್ಕೆ 1 ಲಕ್ಷದ 80 ಸಾವಿರ. ಉಮ್ಮನ ಬಂಗಾರ ಅಡವಿಟ್ಟು ಮೊದಲ ವರ್ಷದ್ದು ಕಟ್ಟಿದರು. ಹಾಸ್ಟೆಲ್, ಊಟ, ಪುಸ್ತಕ ಸೇರಿ ಇನ್ನೂ 90 ಸಾವಿರ ಆಯಿತು. ನಾಲ್ಕು ವರ್ಷಕ್ಕೆ ಒಟ್ಟು 10 ಲಕ್ಷದ 80 ಸಾವಿರ ಬೇಕಾಗುತ್ತದೆ ಎಂದು ಯಾರೂ ಕೂಡಿಸಿ ನೋಡಿರಲಿಲ್ಲ. ಮೂರನೇ ವರ್ಷ ಉಪ್ಪನ ಕೆಲಸ ಹೋಯಿತು, ಓದು ನಿಂತಿತು. ಹುಡುಗ ಈಗ ಗಲ್ಫಿನಲ್ಲೇ ಅಂಗಡಿಯಲ್ಲಿದ್ದಾನೆ. ಅವನ ತಂಗಿಗೆ ಅಣ್ಣನಿಗಿಂತ ಹೆಚ್ಚು ಅಂಕ ಬಂದಿತ್ತು. "ಕೈಯಲ್ಲಿ ಹಣ ಇಲ್ಲ, ಮೋಳೇ" ಎಂದು ಅವಳನ್ನು ಮನೆಯಲ್ಲಿ ಕೂರಿಸಿದರು. ಒಂದು ಲೆಕ್ಕ ತಪ್ಪಿದ್ದಕ್ಕೆ ಎರಡು ಮಕ್ಕಳ ಓದು ಹೋಯಿತು.

ಯೂಸುಫ್ ಅಲೈಹಿಸ್ಸಲಾಂ ಅವರ ಚರಿತ್ರೆ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಬೆಳೆ ಬರುವ ಏಳು ವರ್ಷದಲ್ಲಿ ಬರಗಾಲದ ಏಳು ವರ್ಷಕ್ಕೆ ಧಾನ್ಯ ಎತ್ತಿಟ್ಟರು. ತವಕ್ಕುಲ್ ಎಂದರೆ ಲೆಕ್ಕ ಹಾಕದೆ ಇರುವುದಲ್ಲ. ಮಗುವಿನ ಓದಿನ ವಿಷಯದಲ್ಲಿ ನಾವು ಹಾಕಬೇಕಾದ ಲೆಕ್ಕ ಮೂರು.

ಮೊದಲನೆಯದು, ಸೀಟು ಸಿಗುವ ಲೆಕ್ಕ. ಇದನ್ನು ಏಜೆಂಟರ ಬಾಯಲ್ಲಿ ಕೇಳಬೇಕಾಗಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿವರ್ಷ ಯಾವ ಕಾಲೇಜಿನಲ್ಲಿ, ಯಾವ ಕೋರ್ಸಿನಲ್ಲಿ, ಯಾವ ಪ್ರವರ್ಗಕ್ಕೆ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಹೋಯಿತು ಎಂದು ಪ್ರಕಟಿಸುತ್ತದೆ. ನಮ್ಮವರು ನೋಡಬೇಕಾದದ್ದು 2ಬಿ ಕಾಲಂ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಬೇರೆ ಉಂಟು. ಉಳ್ಳಾಲ, ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮಕ್ಕಳು ಇದಕ್ಕೆ ಅರ್ಹರು. ಅರ್ಜಿಯಲ್ಲಿ ಆ ಕಾಲಂ ತುಂಬದೆ, ವ್ಯಾಸಂಗ ಪ್ರಮಾಣಪತ್ರ ತರದೆ ಅದನ್ನು ಬಿಟ್ಟುಬಿಡುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದೆ 2ಬಿ ಸಿಗುವುದಿಲ್ಲ. ಅದನ್ನು ಫಲಿತಾಂಶ ಬಂದ ಮೇಲೆ ಮಾಡಿಸಲು ಹೊರಡುವುದಲ್ಲ, ಮಗು ಮೊದಲ ಪಿಯುಸಿಯಲ್ಲಿರುವಾಗಲೇ ಮಾಡಿಸಿ ಇಡಬೇಕು.

ಸೀಟು ಹಂಚಿಕೆಯಾದ ಮೇಲೆ ಕೇಳುವ ಛಾಯ್ಸ್ ವಿಷಯದಲ್ಲೂ ಎಡವುತ್ತೇವೆ. ಛಾಯ್ಸ್ 2 ಎಂದರೆ ಸಿಕ್ಕಿದ್ದನ್ನು ಉಳಿಸಿಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವುದು. ಛಾಯ್ಸ್ 3 ಎಂದರೆ ಸಿಕ್ಕಿದ್ದನ್ನು ಬಿಟ್ಟು ಕಾಯುವುದು. ಈ ವ್ಯತ್ಯಾಸ ಗೊತ್ತಿಲ್ಲದೆ ಬಟನ್ ಒತ್ತಿ ಸೀಟು ಕಳಕೊಂಡವರು ಇದ್ದಾರೆ. ಸೈಬರ್ ಸೆಂಟರಿನ ಹುಡುಗನ ಕೈಗೆ ಪಾಸ್‌ವರ್ಡ್ ಕೊಟ್ಟು ಬರುವ ಕೆಲಸ ಇದಲ್ಲ.

ವೈದ್ಯಕೀಯದ ಆಸೆ ಇರುವವರಿಗೂ ಒಂದು ಮಾತು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕಿಂತ ಹೆಚ್ಚು. ಆ ವರ್ಷ ದೇಶದಲ್ಲಿದ್ದ ಎಂಬಿಬಿಎಸ್ ಸೀಟು 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲೂ ಸರಕಾರಿ ಫೀಸಿನಲ್ಲಿ ಸಿಗುವುದು ಒಂದು ಪಾಲು ಮಾತ್ರ. ಸೀಟು ಸಿಗಲಿಲ್ಲವೆಂದರೆ ಮಗು ದಡ್ಡ ಎಂದು ಅರ್ಥವಲ್ಲ. "ವಿದೇಶದಲ್ಲಿ ಮಾಡಿಸಿ, ಕಡಿಮೆಗೆ ಆಗುತ್ತದೆ" ಎಂದು ಬರುವವರನ್ನು ಮೂರು ಪ್ರಶ್ನೆ ಕೇಳಿ. ಕೋರ್ಸು ಕನಿಷ್ಠ 54 ತಿಂಗಳು ಉಂಟಾ? ಪಾಠ ಇಂಗ್ಲಿಷಿನಲ್ಲಾ? ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಉಂಟಾ? 2021ರ ನಿಯಮದಂತೆ ಇವು ಇಲ್ಲದಿದ್ದರೆ ಇಲ್ಲಿ ಡಾಕ್ಟರ್ ಆಗಿ ನೋಂದಣಿ ಆಗುವುದಿಲ್ಲ. ಹೋಗುವ ಮೊದಲು ನೀಟ್ ಪಾಸಾಗಿರಬೇಕು, ಬಂದ ಮೇಲೆ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಹೆಚ್ಚು.

ಎರಡನೆಯದು, ಹಣದ ಲೆಕ್ಕ. ಒಂದು ವರ್ಷದ ಫೀಸನ್ನು ಮಾತ್ರ ಕೇಳಬೇಡಿ. ಕೋರ್ಸು ಮುಗಿಯುವವರೆಗಿನ ಫೀಸು, ಹಾಸ್ಟೆಲ್, ಬಸ್ಸು, ಪರೀಕ್ಷಾ ಶುಲ್ಕ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆಯಿರಿ. ಅದರ ಕೆಳಗೆ, ಮನೆಯಲ್ಲಿ ಇನ್ನೂ ಓದಲಿರುವ ಮಕ್ಕಳ ಹೆಸರು ಬರೆಯಿರಿ. ಗಲ್ಫಿನ ಸಂಬಳ ನಾಳೆ ನಿಂತರೆ ಈ ಕಾಗದ ಏನಾಗುತ್ತದೆ ಎಂದು ಒಮ್ಮೆ ನೋಡಿ.

ಬಡ್ಡಿ ಸಾಲದ ಬಗ್ಗೆ ದೀನ್ ಏನು ಹೇಳುತ್ತದೆ ಎಂದು ಹೊಸದಾಗಿ ಹೇಳಬೇಕಾಗಿಲ್ಲ. ಸಿಇಟಿ, ನೀಟ್ ಮೂಲಕ ಸೀಟು ಪಡೆದ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಉಂಟು. ಅದರಲ್ಲಿ ಇರುವುದು ಸೇವಾ ಶುಲ್ಕ. ಅದರ ಮಸ್‌ಅಲವನ್ನು ತಮ್ಮ ಖತೀಬರಲ್ಲಿ ಕೇಳಿ ತಿಳಿದುಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಕಾಯಬೇಡಿ. ಆಧಾರಿನಲ್ಲಿ ಮತ್ತು ಅಂಕಪಟ್ಟಿಯಲ್ಲಿ ಹೆಸರು ಬೇರೆ ಬೇರೆ ಇದ್ದು ತಿರಸ್ಕೃತವಾಗುವ ಅರ್ಜಿಗಳು ನಮ್ಮವರಲ್ಲಿ ಬಹಳ. 'ಮಹಮ್ಮದ್', 'ಮೊಹಮ್ಮದ್', 'ಎಂ.ಡಿ.' ಎಂದು ಮೂರು ಕಡೆ ಮೂರು ತರ ಇರುತ್ತದೆ. ಅದನ್ನು ಈಗಲೇ ಸರಿಮಾಡಿಸಿ.

ಮೂರನೆಯದು, ಕೆಲಸದ ಲೆಕ್ಕ. ಮಗುವಿಗೆ ಏನು ಬರುತ್ತದೆ, ಏನು ಇಷ್ಟ? ಇದನ್ನು ಕೇಳುವ ಮನೆ ಕಡಿಮೆ. ಪಕ್ಕದ ಮನೆಯವರು ಕಂಪ್ಯೂಟರ್ ಸೈನ್ಸ್ ಎಂದರೆ ನಮಗೂ ಅದೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷದಲ್ಲಿ ಡಿಪ್ಲೊಮಾ, ನಂತರ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಮಂಗಳೂರಿನ ಕದ್ರಿಯ ಕೆಪಿಟಿ 1946ರಿಂದ ನಡೆಯುತ್ತಿರುವ ಸರಕಾರಿ ಸಂಸ್ಥೆ. ಹೆಣ್ಣುಮಕ್ಕಳಿಗೆ ಬೋಂದೆಲ್‌ನಲ್ಲಿ ಮಹಿಳಾ ಪಾಲಿಟೆಕ್ನಿಕ್ ಉಂಟು. ಲೆಕ್ಕದಲ್ಲಿ ಚುರುಕಿರುವ ಮಗುವಿಗೆ ಪಿಯುಸಿ ನಂತರ ಸಿಎ ಫೌಂಡೇಶನ್ ಬರೆಯಬಹುದು. ಅದಕ್ಕೆ ಲಕ್ಷಗಟ್ಟಲೆ ಡೊನೇಶನ್ ಬೇಡ, ಬೇಕಾದದ್ದು ಕೂತು ಓದುವ ಹಠ. ಬಿ.ಎಸ್ಸಿ. ನರ್ಸಿಂಗ್ ಸೀಟು ಕೂಡ ಈಗ ಸಿಇಟಿ ಮೂಲಕ ಸಿಗುತ್ತದೆ. ಆದರೆ ನರ್ಸಿಂಗ್, ಪ್ಯಾರಾಮೆಡಿಕಲ್ ಎಂದು ಬೋರ್ಡು ಹಾಕಿದ ಕಡೆಯೆಲ್ಲ ಮಾನ್ಯತೆ ಇರುವುದಿಲ್ಲ. ಹಣ ಕೊಡುವ ಮೊದಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ನರ್ಸಿಂಗ್ ಕೌನ್ಸಿಲ್, ಪ್ಯಾರಾಮೆಡಿಕಲ್ ಬೋರ್ಡು ಇವುಗಳ ಪಟ್ಟಿಯಲ್ಲಿ ಕಾಲೇಜಿನ ಹೆಸರು ಉಂಟಾ ನೋಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಪ್ರತಿವರ್ಷ ನಮ್ಮ ಸಮುದಾಯದ ಹುಡುಗಿಯರು ಒಳ್ಳೆಯ ಅಂಕ ತರುತ್ತಾರೆ, ಸನ್ಮಾನಕ್ಕೆ ಕರೆದು ಶಾಲು ಹಾಕುತ್ತೇವೆ. ಎರಡು ವರ್ಷದ ನಂತರ ಅವರು ಎಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. "ದೂರ ಆಯಿತು" ಎನ್ನುತ್ತೇವೆ. ದೂರವಾದರೆ ಹತ್ತಿರದ ಸರಕಾರಿ ಪದವಿ ಕಾಲೇಜು ಉಂಟು. ಸರಕಾರಿ ಬಸ್ಸು ಓಡುವ ರಸ್ತೆಯಲ್ಲಿ 2023ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಂಟು. ನಮ್ಮೂರಲ್ಲಿ ಓಡುವುದು ಹೆಚ್ಚು ಖಾಸಗಿ ಬಸ್ಸು ಎಂಬುದು ನಿಜ. ಹಾಗಿದ್ದರೆ ಬಸ್ ಪಾಸಿನ ಹಣವನ್ನೂ ಲೆಕ್ಕದ ಕಾಗದದಲ್ಲಿ ಬರೆಯಿರಿ. ಮದುವೆಗೆ ಎತ್ತಿಟ್ಟ ಹಣದ ಒಂದು ಸಣ್ಣ ಪಾಲು ಸಾಕಾಗುತ್ತದೆ.

ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇದು. ಸನ್ಮಾನ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು, ಆಪ್ಷನ್ ಎಂಟ್ರಿಯ ದಿನಗಳಲ್ಲಿ ಇಶಾ ನಮಾಝಿನ ನಂತರ ಮದ್ರಸದ ಒಂದು ಕೋಣೆ ತೆರೆದಿಡಿ. ಊರಿನ ಒಬ್ಬ ಅಧ್ಯಾಪಕರನ್ನು, ಈಗ ಇಂಜಿನಿಯರಿಂಗೋ ನರ್ಸಿಂಗೋ ಓದುತ್ತಿರುವ ಇಬ್ಬರು ಮಕ್ಕಳನ್ನು ಅಲ್ಲಿ ಕೂರಿಸಿ. ಒಂದು ಲ್ಯಾಪ್‌ಟಾಪ್ ಸಾಕು. ಝಕಾತಿಗೆ ಅರ್ಹರಾದ ಮನೆಯ ಮಕ್ಕಳ ಮೊದಲ ಕಂತು ಅಲ್ಲೇ ತೀರ್ಮಾನವಾಗಲಿ.

ಹೆತ್ತವರಲ್ಲಿ ಕೊನೆಯ ಮಾತು. ಮಶ್ವರ ಮಾಡಿ, ಇಸ್ತಿಖಾರ ಮಾಡಿ. ಮಶ್ವರಕ್ಕೆ ಮಗುವನ್ನೂ ಕೂರಿಸಿಕೊಳ್ಳಿ. ಮೂರು ಲೆಕ್ಕವೂ ಕೂಡಿ ಬಂದರೆ ಬಿಸ್ಮಿ ಹೇಳಿ ಮುಂದೆ ಹೋಗಿ. ಕೂಡಿ ಬಾರದಿದ್ದರೆ ಬೇರೆ ದಾರಿ ಹುಡುಕಿ. ಮನೆಯ ಒಂದು ಮಗುವಿನ ಓದಿಗೆಂದು ಇನ್ನೊಂದು ಮಗುವಿನ ಓದನ್ನು ಅಡವಿಡಬೇಡಿ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಆ ಅಮಾನತಿನ ಲೆಕ್ಕವನ್ನು ನಾಳೆ ಕೇಳುವವನು ಅಲ್ಲಾಹು.