ಮಿಷಿಗನ್ ಸರೋವರದಲ್ಲಿ ಉಚಿತ ಈಜು: ನೀರು ಜನರದ್ದು, ದಾರಿ ಯಾರದ್ದು?

ಅಮೆರಿಕದ ಶಿಕಾಗೋದಲ್ಲಿ ಮಿಷಿಗನ್ ಸರೋವರದ ನಗರ ಬೀಚ್‌ಗಳಿಗೆ ಪ್ರವೇಶ ಶುಲ್ಕವಿಲ್ಲ. ಅದೇ ದಂಡೆಯಲ್ಲಿ ಉತ್ತರಕ್ಕೆ ಹೋದರೆ, ಕೆಲವು ಉಪನಗರಗಳಲ್ಲಿ ಹೊರಗಿನವರು ದುಡ್ಡು ಕೊಟ್ಟೇ ಈಜಬೇಕು. ನೀರು ಒಂದೇ, ನಿಯಮ ಬೇರೆ ಬೇರೆ.

1869ರಲ್ಲಿ ಇಲಿನಾಯ್ ಶಾಸನಸಭೆ ಶಿಕಾಗೋ ಮುಂದಿನ ಸರೋವರದ ತಳದ ಸಾವಿರಕ್ಕೂ ಹೆಚ್ಚು ಎಕರೆಯನ್ನು ರೈಲ್ವೆ ಕಂಪನಿಗೆ ಕೊಟ್ಟಿತ್ತು. 1873ರಲ್ಲಿ ಅದನ್ನು ಹಿಂಪಡೆಯಿತು. 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದು, ಸರ್ಕಾರ ಸರೋವರಕ್ಕೆ ಜನರ ಪರವಾದ ಟ್ರಸ್ಟಿ ಎಂದಿತು. 2018ರಲ್ಲಿ ಇಂಡಿಯಾನಾ ಸುಪ್ರೀಂ ಕೋರ್ಟ್ ದಂಡೆಯ ಮನೆ ಮಾಲೀಕರ ವಾದ ತಳ್ಳಿಹಾಕಿ, ನೀರಿನಂಚಿನಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಇದೆ ಎಂದು ತೀರ್ಪಿತ್ತಿತು.

ಆದರೆ ನೀರಿಗಿಳಿಯುವ ದಾರಿಯೇ ಖಾಸಗಿಯಾದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಶಿಕಾಗೋ ದಂಡೆಯ ಬಹುಪಾಲನ್ನು ಉದ್ಯಾನವಾಗಿ ಉಳಿಸಿಕೊಂಡಿದೆ. ಅಲ್ಲಿ ಈಜು ಉಚಿತವಾಗಿರುವ ಗುಟ್ಟು ಇದೇ.

ಭಾರತಕ್ಕೂ ಇದು ಹೊಸದಲ್ಲ. 1996ರಲ್ಲಿ ಬಿಯಾಸ್ ನದಿ ದಂಡೆಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದೇ 1892ರ ತೀರ್ಪನ್ನು ಉಲ್ಲೇಖಿಸಿ ಈ ತತ್ವವನ್ನು ಒಪ್ಪಿಕೊಂಡಿತು. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಯಾರು ಬೇಕಾದರೂ ಅಡ್ಡಾಡಬಹುದು, ಆದರೆ ಕೊಳಚೆ ಸೇರಿದ ಆ ನೀರಿಗೆ ಇಳಿಯುವಂತಿಲ್ಲ. ದಾರಿಯ ಜೊತೆಗೆ ನೀರನ್ನೂ ಕಾಯಬೇಕಾದ್ದು ಟ್ರಸ್ಟಿಯ ಕೆಲಸವೇ.